ರಜಿಯಾ ಆಪಾ ಕೊಟ್ಟ ಇಪ್ಪತ್ತು ಉತ್ತರ

"ನಿಮ್ಮ ತಮ್ಮನನ್ನು ನೋಡಿಕೊಳ್ಳುವುದು ಹೊರೆ ಅಂತ ನಿಮಗೆ ಎಷ್ಟು ಸಲ ಅನಿಸಿದೆ?"

ಹೀಗೆ ಕೇಳಿದವಳು ಸ್ನೇಹಾ. ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಉತ್ತರ ಕೊಡಬೇಕಾಗಿದ್ದವರು ಬಸವಕಲ್ಯಾಣದ ರಜಿಯಾ ಆಪಾ, ಓಣಿಗೆಲ್ಲ ಅಕ್ಕ. ಕೋಟೆಯ ಕಡೆಯ ಒಂದು ಓಣಿ, ಎರಡು ಖೋಲಿಯ ಮನೆ. ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದರು.

ಆಪಾ ಮಷಿನ್ ನಿಲ್ಲಿಸಲಿಲ್ಲ.

"ಹೊರಿ ಅಂದ್ರ ಬೋಜಾ ಏನ್ರಿ? ಕಟಗಿ ಹೊರಿ ಇರ್ತದಲ್ಲ, ಹಂಗ?"

"ಹೌದು, ಹಾಗೇ."

"ಇಲ್ರಿ. ಎಂದೂ ಇಲ್ಲ."

ಸ್ನೇಹಾ ಮೊದಲ ಚೌಕದಲ್ಲಿ ಟಿಕ್ ಹಾಕಿದಳು. ಮುಂದಿನ ಪ್ರಶ್ನೆ. ನಿಮಗಾಗಿ ಒಂದು ಗಳಿಗೆಯೂ ಉಳಿಯುವುದಿಲ್ಲ ಅನಿಸಿದೆಯೇ? ಎಂದೂ ಇಲ್ಲ. ತಮ್ಮನ ಮೇಲೆ ಸಿಟ್ಟು ಬಂದಿದೆಯೇ? ಎಂದೂ ಇಲ್ಲ. ನೆಂಟರ ಎದುರು ಮುಜುಗರ? ಇಲ್ಲ. ಮುಂದೇನು ಎಂಬ ಭಯ? ಇಲ್ಲ. ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ ಅಂತ? ಇಲ್ರಿ, ಎಂದೂ ಇಲ್ಲ.

ಒಟ್ಟು ಇಪ್ಪತ್ತು ಪ್ರಶ್ನೆ. ಇಪ್ಪತ್ತಕ್ಕೂ ಒಂದೇ ಉತ್ತರ. ಇಪ್ಪತ್ತೆರಡು ವರ್ಷಗಳಿಂದ ಮನಸ್ಸಿನ ಕಾಯಿಲೆಯ ತಮ್ಮನನ್ನು ಒಬ್ಬರೇ ಸಾಕುತ್ತಿದ್ದ ಹೆಂಗಸಿನ ಹೊರೆ, ನಮ್ಮ ಶಾಸ್ತ್ರದ ಲೆಕ್ಕದಲ್ಲಿ, ಸೊನ್ನೆ.

ನೀವಾದರೆ ನಂಬುತ್ತಿದ್ದಿರಾ? ನಾನು ಇಪ್ಪತ್ತಾರು ವರ್ಷ ಮನೋವಿಜ್ಞಾನ ಪಾಠ ಮಾಡಿದವಳು. ಆ ಖೋಲಿಯಲ್ಲೇ, ಸ್ನೇಹಾಳ ಪಕ್ಕದಲ್ಲೇ ಕುಳಿತಿದ್ದೆ. ನಂಬಲಿಲ್ಲ. ಆದರೆ ಬಾಯಿ ಬಿಡಲೂ ಇಲ್ಲ.

(ಪ್ರತಿ ವಾರ ಇಲ್ಲಿ ನನ್ನ ತಮಾಷೆ ಓದಲು ಬರುವವರು ಕ್ಷಮಿಸಬೇಕು. ಈ ವಾರ ತಮಾಷೆ ಇಲ್ಲ.)

ನಾನು ಅಲ್ಲಿಗೆ ಹೋಗಿದ್ದು ಒಂದು ಫೋನಿನಿಂದಾಗಿ. ಫೋನ್ ಮಾಡಿದವನು ನನ್ನ ಎಂ.ಎ. ಕ್ಲಾಸ್‌ಮೇಟ್. ಈಗ ಒಂದು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪ್ರೊಫೆಸರ್. ಹೆಸರು ಬೇಡ, ಪ್ರೊಫೆಸರ್ ಅಂತಲೇ ಕರೆಯೋಣ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಅವನ ಫೋಟೋ ಇದೆ. ಫೋಟೋದ ಕೆಳಗೆ "ಬೋಧನೆ ಮತ್ತು ಸಂಶೋಧನಾ ಆಸಕ್ತಿಗಳು" ಎಂಬ ಪಟ್ಟಿ. ಆರೈಕೆ ಮಾಡುವವರ ಮಾನಸಿಕ ಹೊರೆ, ನಂಬಿಕೆ ಮತ್ತು ನಿಭಾಯಿಸುವಿಕೆ, ಮಾಪನಗಳ ರಚನೆ. ಚೆಂದದ ಪಟ್ಟಿ. ಹಿಂದೊಮ್ಮೆ ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ಹುಮನಾಬಾದಿನ ಡಿಗ್ರಿ ಕಾಲೇಜಿನಲ್ಲಿ ಚಾಕ್‌ಪೀಸ್ ಹಿಡಿದು ನಿಂತವಳಿಗೆ ಬೋಧನೆ ಇದೆ. ಸಂಶೋಧನೆ ಎಲ್ಲಿಂದ ಬರಬೇಕು?

"ನಿಮ್ಮ ಕಡೆ ಒಂದಿಷ್ಟು ಕೇಸ್ ಬೇಕಿತ್ತು. ನನ್ನ ಸ್ಟೂಡೆಂಟ್ ಬರ್ತಾಳೆ. ದಾವಣಗೆರೆ ಕಡೆಯವಳು. ಅವಳಿಗೆ ನಿಮ್ಮ ಭಾಷೆ ಅರ್ಥ ಆಗಲ್ಲ. ಸ್ವಲ್ಪ ಜೊತೆಗಿರು" ಎಂದ.

ಯಾರಿಗಾದರೂ ನಮ್ಮಿಂದ ಕೆಲಸವಾಗುತ್ತದೆ ಎಂದರೆ ಉಬ್ಬಿಹೋಗುವ ವಯಸ್ಸು ನನ್ನದು. ಒಪ್ಪಿದೆ. ಸ್ನೇಹಾಳಿಗೆ ಮೊದಲ ಹೆಸರು ಕೊಟ್ಟವಳೂ ನಾನೇ. ರಜಿಯಾ ಬೇಗಂ, ವಯಸ್ಸು ಐವತ್ತೆರಡು, ಉದ್ಯೋಗ ಹೊಲಿಗೆ, ಆರೈಕೆ ಮಾಡುತ್ತಿರುವುದು ತಮ್ಮ ಮುನೀರನನ್ನು.

ಆಪಾ ನನಗೆ ಹೇಗೆ ಗೊತ್ತು? ನನ್ನ ಮೊದಲ ನೌಕರಿ ಬಸವಕಲ್ಯಾಣದಲ್ಲಿ. ಅವರ ಓಣಿಯಲ್ಲೇ ಐದು ವರ್ಷ ಬಾಡಿಗೆಗಿದ್ದೆ. ಆಗ ಅವರ ತಂದೆ, ಅಬ್ಬಾ, ಇದ್ದರು. ಮುನೀರ್ ಇಪ್ಪತ್ತರ ಆಸುಪಾಸಿನ ಹುಡುಗ. ಬೋರ್ಡ್ ಬರೆಯುತ್ತಿದ್ದ. ಕನ್ನಡ, ಉರ್ದು, ಮರಾಠಿ, ಮೂರನ್ನೂ ಒಂದೇ ಕೈಯಲ್ಲಿ, ಸ್ಕೇಲ್ ಇಲ್ಲದೆ. ನಮ್ಮ ಕಾಲೇಜಿನ "ಮನೋವಿಜ್ಞಾನ ವಿಭಾಗ" ಎಂಬ ಬೋರ್ಡನ್ನೂ ಅವನೇ ಬರೆದುಕೊಟ್ಟಿದ್ದ. "ಮೇಡಂ, ಇದ್ರಾಗ ಏನ ಕಲಸ್ತಾರ?" ಎಂದು ಕೇಳಿದ್ದು ನೆನಪಿದೆ. ನಾನು ಏನು ಹೇಳಿದೆ ಎಂಬುದು ನೆನಪಿಲ್ಲ.

ಅವನಿಗೆ ಇಪ್ಪತ್ನಾಲ್ಕಾದಾಗ ಕಾಯಿಲೆ ಶುರುವಾಯಿತು. ಬರೆದ ಅಕ್ಷರಗಳು ತನ್ನನ್ನು ಬೈಯುತ್ತಿವೆ ಎಂದ. ಬ್ರಷ್ ಬಿಟ್ಟ. ಆಮೇಲೆ ಹೊರಗೆ ಬರುವುದನ್ನೇ ಬಿಟ್ಟ. ಆಪಾನಿಗೆ ಎರಡು ಕಡೆ ನಿಕಾಹ್ ಮಾತಾಗಿತ್ತು. ಎರಡೂ ಮುರಿದವು. ಅಬ್ಬಾ ಹೋದರು. ಉಳಿದದ್ದು ಎರಡು ಖೋಲಿ, ಒಂದು ಮಷಿನ್, ನಡುವಿನ ಬಾಗಿಲಿಗೆ ಒಂದು ಪರದೆ. ಪರದೆಯ ಆಚೆ ಮುನೀರ್. ಗುಳಿಗೆಯನ್ನು ಅಕ್ಕನ ಕೈಯಿಂದಷ್ಟೇ ನುಂಗುತ್ತಿದ್ದ. ಬೇರೆ ಯಾರ ಜೊತೆಯೂ ಮಾತಿಲ್ಲ.

ಆವತ್ತು ನಾವು ಹುಮನಾಬಾದಿನಿಂದ ಬೆಳಗಿನ ಬಸ್ ಹಿಡಿದು ಹೋದೆವು. ಸ್ನೇಹಾ ದಾರಿಯುದ್ದಕ್ಕೂ ಫಾರಂಗಳನ್ನು ಜೋಡಿಸಿಕೊಂಡಳು. ಒಳ್ಳೆಯ ಹುಡುಗಿ. ಅವಳ ಮೇಲೆ ನನ್ನ ಕಂಪ್ಲೇಂಟ್ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಪ್ಪಿಗೆ ಪತ್ರ ಓದಿ ಹೇಳಿದಳು. "ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು" ಎಂದು ಎರಡು ಸಲ ಹೇಳಿದಳು. ಆಪಾ ಉರ್ದುವಿನಲ್ಲಿ ಸಹಿ ಮಾಡಿದರು.

ನಂತರ ಆ ಇಪ್ಪತ್ತು ಪ್ರಶ್ನೆ.

ಹತ್ತನೆಯದೋ ಹನ್ನೊಂದನೆಯದೋ ಪ್ರಶ್ನೆಯ ಹೊತ್ತಿಗೆ ಪರದೆಯ ಆಚೆ ಯಾರೋ ಕೆಮ್ಮಿದಂತಾಯಿತು. ಆಪಾ ತುಸು ದನಿ ಏರಿಸಿದರು. "ಎಂದೂ ಇಲ್ರಿ. ನಮ್ಮ ಮುನೀರ್ ಭಾಳ ಶಾಣ್ಯಾ ಹುಡುಗ."

ಮುಗಿದ ಮೇಲೆ ಚಹಾ ಆಯಿತು. ಸ್ನೇಹಾ ತನ್ನ ಫಾರಂನ ಕೊನೆಯಲ್ಲಿ, "ಸಂದರ್ಶಕರ ಅಭಿಪ್ರಾಯ" ಎಂಬ ಜಾಗದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಳು. ಬಗ್ಗಿ ನೋಡಿದೆ. ಹೊರೆ ಇಲ್ಲ, ನಂಬಿಕೆಯ ಬಲದಿಂದ ನಿಭಾಯಿಸುತ್ತಿದ್ದಾರೆ ಎಂಬ ಅರ್ಥದ ಒಂದು ಸಾಲು. ಗೋಡೆಯ ಮೇಲೆ ಕಾಬಾದ ಚಿತ್ರವಿತ್ತಲ್ಲ. ಸಾಕಾಯಿತು.

ನಾವು ಎದ್ದಾಗ ಆಪಾ ಕೂಡ ಎದ್ದರು. "ಓಣಿ ಕಡೀತನ ಬರ್ತೇನಿ" ಎಂದು ಓಢಣಿ ಸರಿಮಾಡಿಕೊಂಡು ಹೊರಟರು. ಬಾಗಿಲು ಎಳೆದುಕೊಂಡರು. ಹತ್ತು ಹೆಜ್ಜೆ ನಡೆದು ನೀರಿನ ಟಾಕಿಯ ಹತ್ತಿರ ನಿಂತರು.

"ಮೇಡಂ, ನೀವ್ ಶಾಣ್ಯಾ ಇದ್ದೀರಿ. ನಿಮಗೂ ತಿಳೀಲಿಲ್ಲೇನು? ಅವ ಕೇಳಾಕತ್ತಿದ್ದ."

ನಾನು ಮುಚ್ಚಿದ ಬಾಗಿಲ ಕಡೆ ತಿರುಗಿ ನೋಡಿದೆ.

"ಅವನ ಮುಂದ ನನ್ನ ತಮ್ಮ ಬೋಜಾ ಅಂತ ಹ್ಯಾಂಗ ಹೇಳ್ಲಿ? ಅವಗ ಮೊದಲ ಯಾವ್ಯಾವೋ ದನಿ ಬೈತಾವ. ಅದ್ರಾಗ ನಂದೂ ಒಂದ್ ಸೇರಸ್ಲೇನು?"

ಸ್ನೇಹಾ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಆಪಾ ಅವಳ ಕಡೆ ತಿರುಗಿದರು.

"ಬೇಟಾ, ನೀ ಕೇಳಿದ್ದು ಎಲ್ಲಾ ಖರೇನ ಅದ. ಇಪ್ಪತ್ತೂ ಖರೇ. ಸಿಟ್ಟ ಬರ್ತದ. ಒಂದ ಸಲ ಹೊಡದೇನಿ. ಹೊಡದು ಅತ್ತೇನಿ. ನಮ್ಮ ಖಾಲಾ ಅಂದ್ರ ಚಿಗವ್ವ, ಆಕಿ ಮಗಳ ಶಾದಿ ಚಿಟಗುಪ್ಪದಾಗ, ಒಂದ ತಾಸಿನ ಹಾದಿ. ಹೋಗಲಿಲ್ಲ. ಹೋದ್ರ ಅವ ಗುಳಿಗಿ ತಗೋಳಲ್ಲ. ಮುಂದೇನು ಅಂತ ಅಂಜಿಕಿ ಇಲ್ಲೇನು ಅಂತ ಕೇಳ್ದೆಲ್ಲ..."

ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದ್ದನ್ನು ಬರೆಯಬೇಕೋ ಬೇಡವೋ ಎಂದು ಎರಡು ವಾರ ಯೋಚಿಸಿದ್ದೇನೆ. ಬರೆಯುತ್ತೇನೆ.

"ಐದೂ ವಕ್ತ್ ನಮಾಜದಾಗ ಒಂದ ದುವಾ ಮಾಡ್ತೇನಿ. ಅವ ನನಗಿಂತ ಮೊದಲ ಹೋಗ್ಲಿ ಅಂತ. ಅಕ್ಕ ಆದಾಕಿ ಮಾಡೋ ದುವಾ ಏನ್ರಿ ಇದು?"

ಸ್ನೇಹಾ ಮೆಲ್ಲಗೆ ಕೇಳಿದಳು. "ಇದನ್ನ ಬರ್ಕೊಳ್ಳಲಾ?"

"ಬ್ಯಾಡ. ಬರದ್ರ ಓದ್ತಾರ. ಓದಿದ್ರ ಅವನ ಕಿವಿಗೂ ಬೀಳ್ತದ." (ಆ ಮಾತು ಮೀರಿ ಈಗ ಬರೆಯುತ್ತಿರುವ ತಪ್ಪೂ ನನ್ನ ಲೆಕ್ಕಕ್ಕೇ.)

ನಾನು ಆಪಾನ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿತ್ತು. ಹುಮನಾಬಾದಿಗೆ ಪ್ರತಿ ಶನಿವಾರ ಬರುವ ಮನೋವೈದ್ಯರೊಬ್ಬರು ನನಗೆ ಗೊತ್ತು, ಅವರನ್ನು ಮನೆಗೇ ಕರೆತರುತ್ತೇನೆ, ಮುಂದಿನ ವ್ಯವಸ್ಥೆಯ ಬಗ್ಗೆಯೂ ಕೇಳೋಣ ಎಂದೆ. "ಬರೋ ಐತವಾರ ಬರ್ತೇನಿ, ಆಪಾ." ಹೀಗೆಂದೇ ಹೇಳಿದೆ. ಕೈ ಹಿಡಿದೇ ಹೇಳಿದೆ.

ವಾಪಸ್ ಬಸ್ಸು ಸಸ್ತಾಪುರ ಬಂಗ್ಲಾ ಕ್ರಾಸ್ ದಾಟಿತು. ಆಮೇಲೆ ಸ್ನೇಹಾ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಮೇಡಂ, ಇದನ್ನ ಏನ್ ಮಾಡ್ಲಿ? ಇವರು ಹೇಳಿದ್ದು ಇದು. ನಿಜ ಇದಲ್ಲ."

"ನಿಮ್ಮ ಸರ್‌ಗೆ ಕೇಳು."

ಕೇಳಿದಳು. ಸ್ಪೀಕರ್ ಹಾಕಿದ್ದಳು. ಪ್ರೊಫೆಸರ್ ಸಮಾಧಾನದಿಂದಲೇ ವಿವರಿಸಿದ. ಸಂದರ್ಶನ ಮುಗಿದ ಮೇಲೆ ಆಡಿದ ಮಾತು ಡೇಟಾ ಅಲ್ಲ. ಫಾರಂನಲ್ಲಿ ಏನಿದೆಯೋ ಅದೇ ಡೇಟಾ. ನಾವೇ ಉತ್ತರ ತಿದ್ದಲು ಹೋದರೆ ಅದು ಸಂಶೋಧನೆಯೇ ಅಲ್ಲ. ತಪ್ಪಿದೆಯೇ ಅವನ ಮಾತಿನಲ್ಲಿ? ಇಲ್ಲ. ಅದೇ ಕಷ್ಟ. ನಾನು ಕೂಡ ಕ್ಲಾಸಿನಲ್ಲಿ ಹಾಗೇ ಹೇಳುತ್ತೇನೆ.

ಇನ್ನೊಂದನ್ನೂ ಹೇಳುತ್ತೇನೆ. ಸಂದರ್ಶನ ವಿಧಾನ ಎಂಬ ಪಾಠವಿದೆ. ಮೊದಲ ನಿಯಮ, ಮಾತಾಡುವವರಿಗೆ ಏಕಾಂತ ಇರಬೇಕು. ಪರೀಕ್ಷೆಯಲ್ಲಿ ಆಗಾಗ ಬರುತ್ತದೆ. ಐದು ಅಂಕ. ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಎರಡು ಖೋಲಿಯ ಮನೆಯಲ್ಲಿ, ಪರದೆಯೊಂದೇ ಬಾಗಿಲಾಗಿರುವಲ್ಲಿ, ಏಕಾಂತ ಎಲ್ಲಿದೆ ಎಂದು ಆ ಪರದೆಯ ಮುಂದೆ ಕುಳಿತಾಗ ನನಗೆ ಹೊಳೆಯಲಿಲ್ಲ. "ಆಪಾ, ಸ್ವಲ್ಪ ಹೊರಗ ಬರ್ರಿ" ಅನ್ನಬಹುದಿತ್ತು. "ಎದುರು ಮನೆಯ ಕಟ್ಟೆಯ ಮೇಲೆ ಕೂಡೋಣ" ಅನ್ನಬಹುದಿತ್ತು. ನೀರಿನ ಟಾಕಿಯ ಹತ್ತಿರವೇ ನಿಂತು ಕೇಳಬಹುದಿತ್ತು.

ಸರಿ. ಬರುವ ಭಾನುವಾರ ಹೋದೆನಾ?

ಇಲ್ಲ.

ಮೊದಲ ಭಾನುವಾರ ವ್ಯಾಲ್ಯುಯೇಷನ್ ಡ್ಯೂಟಿ ಬಂತು. ಎರಡನೆಯದಕ್ಕೆ ನೆಂಟರ ಮದುವೆ. ಮೂರನೆಯದಕ್ಕೆ ಕಾಲೇಜಿಗೆ ತಪಾಸಣೆ ತಂಡ ಬರುವುದಿತ್ತು, ಫೈಲುಗಳಿಗೆ ಬಣ್ಣದ ಚೀಟಿ ಅಂಟಿಸುತ್ತ ಕುಳಿತೆ. ನಾಲ್ಕನೆಯದು ಯಾಕೆ ತಪ್ಪಿತು ಎಂಬುದು ನೆನಪಿಲ್ಲ. ನೆನಪಿರದಷ್ಟು ಸಣ್ಣ ಕಾರಣ. ಹುಮನಾಬಾದಿನಿಂದ ಬಸವಕಲ್ಯಾಣ ಎಷ್ಟು ದೂರ? ಒಂದು ಸಿನಿಮಾ ನೋಡುವ ಹೊತ್ತಿನಲ್ಲಿ ಹೋಗಿ ಬರಬಹುದು.

ಐದನೇ ವಾರ ಆಪಾನ ಫೋನ್ ಬಂತು. ಸ್ಟಾಫ್ ಮೀಟಿಂಗಿನಲ್ಲಿದ್ದೆ. ಕಟ್ ಮಾಡಿ "ಆಮೇಲೆ ಮಾಡ್ತೇನೆ" ಎಂದು ಮೆಸೇಜ್ ಹಾಕಿದೆ. ಇಂಗ್ಲಿಷಿನಲ್ಲಿ. ಆಪಾನಿಗೆ ಇಂಗ್ಲಿಷ್ ಬರುವುದಿಲ್ಲ. ಫೋನಿನಲ್ಲಿ ಅದು ರೆಡಿಮೇಡ್ ಇರುತ್ತದಲ್ಲ, ಅದನ್ನೇ ಒತ್ತಿದೆ.

ಆಮೇಲೆ ಮಾಡಲಿಲ್ಲ.

ಅದಾಗಿ ಹತ್ತು ದಿನಕ್ಕೆ ಮತ್ತೆ ಫೋನ್. ಸ್ಕ್ರೀನಿನ ಮೇಲೆ "ರಜಿಯಾ ಆಪಾ". ಈ ಸಲ ಎತ್ತಿದೆ. ಎತ್ತಿದ ಕೂಡಲೇ ನಾನೇ ಶುರು ಮಾಡಿದೆ. "ಆಪಾ, ಸಿಟ್ಟಾಗಬೇಡ್ರಿ, ಈ ಐತವಾರ ನಕ್ಕಿ ಬರ್ತೇನಿ, ಡಾಕ್ಟರ್‌ಗೂ ಹೇಳೇನಿ..." (ಹೇಳಿರಲಿಲ್ಲ.)

ಆ ಕಡೆಯಿಂದ ಬೇರೆ ದನಿ. "ಮೇಡಂ, ನಾ ಶಾಂತಾಬಾಯಿ. ಎದುರು ಮನಿಯಾಕಿ. ಆಪಾ ಇಲ್ರಿ. ಹೋದ್ರು."

"ಎಲ್ಲಿಗೆ?" ಎಂದೆ.

ಶಾಂತಾಬಾಯಿ ಅತ್ತಾಗಲೇ ನನಗೆ ತಿಳಿದದ್ದು.

ಹೋದೆ. ಈಗ ಯಾವ ಡ್ಯೂಟಿಯೂ ಅಡ್ಡ ಬರಲಿಲ್ಲ. ರಜೆ ಚೀಟಿ ಬರೆದುಕೊಟ್ಟು ಬಸ್ ಹತ್ತಲು ಹತ್ತು ನಿಮಿಷ ಸಾಕಾಯಿತು. ಅಷ್ಟು ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ನಡೆದದ್ದನ್ನು ಶಾಂತಾಬಾಯಿಯೇ ಹೇಳಿದರು. ಅವರ ಗಂಡ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಾರೆ. ಮೂವತ್ತು ವರ್ಷದಿಂದ ಆಪಾನ ಎದುರು ಮನೆ, ನಾನು ಬಾಡಿಗೆಗಿದ್ದಾಗಲೂ ಅಲ್ಲೇ ಇದ್ದವರು.

ಗುರುವಾರ ಬೆಳಿಗ್ಗೆ ಒಬ್ಬ ಹೆಂಗಸು ತನ್ನ ಸೀರೆ ಕೇಳಿಕೊಂಡು ಬಂದಳಂತೆ. ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದಾಗ ಒಳಗಿನಿಂದ ಗಂಡಸಿನ ದನಿ. "ಆಪಾ ಮಲಗ್ಯಾಳ. ಎಬ್ಬಸಬ್ಯಾಡ್ರಿ."

ಆ ದನಿಯನ್ನು ಓಣಿಯವರು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಮುನೀರ್ ಮಾತಾಡಿದ ಎಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಶಾಂತಾಬಾಯಿಗೆ ಖುಷಿಯೇ ಆಯಿತಂತೆ. "ಹುಡುಗ ಸುಧಾರಸಾಕತ್ತಾನ ಅನ್ಕೊಂಡೆ ನೋಡ್ರಿ, ಮೇಡಂ. ಅಕ್ಕನ ಕಾಳಜಿ ಮಾಡಾಕತ್ತಾನ ಅನ್ಕೊಂಡೆ." ಮಧ್ಯಾಹ್ನ ತಾವೂ ಹೋಗಿ ಬಡಿದರು. ಅದೇ ಉತ್ತರ. ಜ್ವರ ಬಂದಿರಬೇಕು, ಮಲಗಲಿ ಎಂದು ಬಂದುಬಿಟ್ಟರು.

ಶುಕ್ರವಾರ ಬೆಳಗಾದರೂ ಮಷಿನ್ನಿನ ಸದ್ದಿಲ್ಲ. ಆಗ ಶಾಂತಾಬಾಯಿಯ ಗಂಡ ಮತ್ತು ಮಸೀದಿಯ ಇಬ್ಬರು ಸೇರಿ ಬಾಗಿಲು ಮುರಿದರು.

ಆಪಾ ಮಷಿನ್ನಿನ ಪಕ್ಕದಲ್ಲೇ ನೆಲದ ಮೇಲಿದ್ದರು. ಹೃದಯ ನಿಂತು ಒಂದು ದಿನದ ಮೇಲಾಗಿದೆ ಎಂದು ಆಮೇಲೆ ಡಾಕ್ಟರ್ ಹೇಳಿದರಂತೆ. ತಲೆಯ ಕೆಳಗೆ ದಿಂಬು ಇತ್ತು. ಮೈಮೇಲೆ ಆ ಗಿರಾಕಿಯ ಹೊಸ ಸೀರೆ, ಕುತ್ತಿಗೆಯವರೆಗೂ ನೀಟಾಗಿ ಹೊದಿಸಿತ್ತು. ಮುನೀರ್ ಪಕ್ಕದಲ್ಲಿ ಕುಳಿತಿದ್ದ. ಅವನ ಮುಂದೆ ಒಂದು ಲೋಟ ನೀರು. ಲೋಟದ ಪಕ್ಕದಲ್ಲಿ ಒಂದು ಗುಳಿಗೆ, ಕಾಗದ ಬಿಚ್ಚಿದ್ದು.

ಅದು ಅವನ ಗುಳಿಗೆ. ಅಕ್ಕನಿಗೆ ಹುಷಾರಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಅವನಿಗೆ ಗೊತ್ತಿದ್ದ ಔಷಧ ಅದೊಂದೇ.

ಶಾಂತಾಬಾಯಿ ಇದನ್ನು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೀರೆಯ ಆ ಹೆಂಗಸು ಅದನ್ನು ವಾಪಸ್ ಕೇಳಲಿಲ್ಲ. ಮುನೀರ್ ಅದನ್ನು ಮಡಿಸಿ ತನ್ನ ಹಾಸಿಗೆಯ ಮೇಲೆ ಇಟ್ಟುಕೊಂಡಿದ್ದ.

ಅವತ್ತೇ ಸಂಜೆ ಮನೋವೈದ್ಯರಿಗೆ ಫೋನ್ ಮಾಡಿದೆ. ಮರುದಿನ ಶನಿವಾರ. ಹುಮನಾಬಾದಿಗೆ ಬಂದವರು ಮಧ್ಯಾಹ್ನದ ಮೇಲೆ ನೇರವಾಗಿ ಬಸವಕಲ್ಯಾಣಕ್ಕೇ ಬಂದರು. ಪರದೆಯ ಈ ಕಡೆ ನೆಲದ ಮೇಲೆ ಕುಳಿತು ಒಂದು ತಾಸು ಕಾದರು. ಗುಳಿಗೆ ಬದಲಿಸಿದರು. ಎಷ್ಟು ಕಷ್ಟವಾಯಿತು ಇದಕ್ಕೆ? ಎರಡು ಫೋನ್ ಕಾಲ್.

ಒಂದೂವರೆ ತಿಂಗಳ ಹಿಂದೆಯೂ ಎರಡೇ ಆಗುತ್ತಿತ್ತು.

ಸ್ನೇಹಾಳಿಗೆ ನಾನೇ ಹೇಳಿದೆ. ಅವಳು ಮೊದಲು ಮುನೀರ್ ಹೇಗಿದ್ದಾನೆ ಎಂದು ಕೇಳಿದಳು. ಆಮೇಲೆ "ಆ ಫಾರಂ ತೆಗೆದುಬಿಡ್ತೀನಿ, ಮೇಡಂ" ಎಂದಳು. ತೆಗೆದಳು ಕೂಡ. ಪ್ರೊಫೆಸರ್ ಬೇಡ ಅನ್ನಲಿಲ್ಲ. ಆದರೆ ನಿಗದಿ ಮಾಡಿದ ಸಂಖ್ಯೆ ಕಡಿಮೆಯಾಗುವ ಹಾಗಿಲ್ಲ. ಬೇರೆ ಊರಿನ ಇನ್ನೊಬ್ಬ ಅಕ್ಕ ಸಿಕ್ಕಳು. ಆ ಜಾಗ ತುಂಬಿತು.

ಪ್ರೊಫೆಸರ್‌ಗೆ ಫೋನ್ ಮಾಡಿ ನಾನು ಜಗಳ ತೆಗೆದೆ. ಎಲ್ಲ ಸಿಟ್ಟನ್ನೂ ಅವನ ಮೇಲೆ ಸುರಿದೆ (ಅದರಲ್ಲಿ ಬಹುಪಾಲು ನನ್ನ ಮೇಲಿನದು). ಅವನ ವೆಬ್‌ಸೈಟಿನ ಪಟ್ಟಿಯನ್ನು ಅವನಿಗೇ ಓದಿ ಹೇಳಿದೆ. ಆಸಕ್ತಿ ಅಂದರೇನೋ, ಆಸಕ್ತಿ ಇದ್ದವನು ಒಮ್ಮೆಯಾದರೂ ಬಂದು ನೋಡಬೇಡವೇನೋ ಎಂದೆ. ಅವನು ವಾದ ಮಾಡಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದ.

"ಹದಿನೈದು ವರ್ಷ ಆಯ್ತು, ನಾನು ಒಂದು ಮನೆಯೊಳಗೂ ಹೋಗಿಲ್ಲ. ಫಾರಂ ನನ್ನ ಟೇಬಲ್‌ಗೆ ಬರುತ್ತೆ. ಹೋಗೋಕೆ ಹೆದರಿಕೆ. ಹೋದರೆ ಏನಾದರೂ ಮಾಡಬೇಕಾಗುತ್ತಲ್ಲ."

ಅವನನ್ನು ಬೈಯುವುದು ಅಲ್ಲಿಗೆ ನಿಂತಿತು. ಹೋಗಿಯೂ ಏನೂ ಮಾಡದವಳು ನಾನು. ಇಬ್ಬರಲ್ಲಿ ಯಾರು ಮೇಲು?

ಆಪಾ ಹೋದ ಮೇಲೆ ನಾನು ಪ್ರತಿ ಭಾನುವಾರ ಆ ಮನೆಗೆ ಹೋಗತೊಡಗಿದೆ. ಮೂರನೇ ಭಾನುವಾರ ಮುನೀರ್ ನನ್ನ ಜೊತೆ ಮಾತಾಡಿದ. ಪರದೆಯ ಆ ಕಡೆಯಿಂದಲೇ.

"ಮೇಡಂ, ಪ್ರಶ್ನಾ ಕೇಳಾಕ ಬಂದೀರೇನು?"

"ಇಲ್ಲಪಾ. ಸುಮ್ನ ಬಂದೇನಿ."

"ಅವತ್ತ ಆ ಹುಡುಗಿ ಕೇಳಿದ್ಲು. ಆಪಾ ಎಲ್ಲಾದಕ್ಕೂ ಇಲ್ಲ ಅಂದ್ಲು. ಇಪ್ಪತ್ತ ಸಲ. ನಾ ಎಣಸೇನಿ."

ಅವನೇ ಮುಂದುವರಿಸಿದ.

"ಸುಳ್ಳ ಹೇಳಿದ್ಲು. ನನಗ ಗೊತ್ತಿತ್ತು."

"ಗೊತ್ತಿದ್ರೂ ಸುಮ್ಕ ಇದ್ದೇನು?"

"ಕೇಳಾಕ ಛಲೋ ಅನಸ್ತು. ಅವತ್ತ ಎರಡ ರೊಟ್ಟಿ ಜಾಸ್ತಿ ತಿಂದೆ."

ಇದನ್ನು ಯಾವ ಚೌಕದಲ್ಲಿ ಟಿಕ್ ಮಾಡಬೇಕು, ಹೇಳಿ? ನಾನು ಆ ಉತ್ತರಗಳನ್ನು ಇಷ್ಟು ದಿನ ತಪ್ಪು ಡೇಟಾ ಎಂದುಕೊಂಡಿದ್ದೆ. ಆ ಮನೆಯಲ್ಲಿ ಅವತ್ತು ಮೂವರು ಓದಿದವರಿದ್ದೆವು, ಮುನೀರನನ್ನೂ ಸೇರಿಸಿ. ಅವನಿಗೆ ಒಂದಿಷ್ಟಾದರೂ ಹಿತವಾಗುವಂಥದ್ದನ್ನು ಮಾಡಿದವರು ನಾಲ್ಕನೆಯವರು. ಮಷಿನ್ ತುಳಿಯುತ್ತಲೇ ಮಾಡಿದರು. ಅದರ ಬೆಲೆಯೇನೆಂಬುದು ನೀರಿನ ಟಾಕಿಯ ಹತ್ತಿರ ನಿಂತಾಗ ನಮಗೆ ತಿಳಿಯಿತು. ತಿಳಿದ ಮೇಲೂ ನಾವು ಬಸ್ ಹತ್ತಿದೆವು.

ಕಳೆದ ವಾರ ಕ್ಲಾಸಿನಲ್ಲಿ ಮಾಪನಗಳ ಪಾಠವಿತ್ತು. ಒಂದು ಪ್ರಶ್ನಾವಳಿಗೆ ಪ್ರತಿ ಸಲವೂ ಒಂದೇ ರೀತಿಯ ಉತ್ತರ ಬಂದರೆ ಅದನ್ನು ರಿಲಯಬಲ್ ಎನ್ನುತ್ತೇವೆ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. ಹುಡಗಿಯವಳು. (ಹುಡಗಿ ನಮ್ಮ ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯ ಹೆಸರು. ಹೊರಗಿನವರು ಅಚ್ಚಿನ ತಪ್ಪು ಎಂದುಕೊಳ್ಳಬಾರದು.) ಸಾಮಾನ್ಯವಾಗಿ ಮಾತಾಡುವವಳಲ್ಲ.

"ಮೇಡಂ, ನಮ್ಮವ್ವಗ ಯಾರು ಯಾವಾಗ ಕೇಳಿದ್ರೂ ಆರಾಮ್ ಇದ್ದೇನಿ ಅಂತಾಳ. ಆಕಿ ರಿಲಯಬಲ್ ಏನ್ರಿ?"

ಕ್ಲಾಸು ನಗಲಿಲ್ಲ. ನಾನು ಚಾಕ್‌ಪೀಸ್ ಕೆಳಗಿಟ್ಟೆ. "ಈವತ್ತು ಮನೆಗೆ ಹೋಗಿ, ಅವ್ವನ ಜೊತೆ ಯಾರೂ ಇಲ್ಲದಾಗ ಕೂತ್ಕೋ" ಎಂದೆ. "ಏನ ಕೇಳ್ಲಿರಿ?" ಎಂದಳು. ಏನೂ ಕೇಳಬೇಡ, ಸುಮ್ಮನೆ ಕೂತ್ಕೋ ಎಂದೆ. ಇಪ್ಪತ್ತಾರು ವರ್ಷದಲ್ಲಿ ಸಿಲೆಬಸ್ ಬಿಟ್ಟು ನಾನು ಕೊಟ್ಟ ಮೊದಲ ಹೋಂವರ್ಕ್ ಇರಬೇಕು. ಆ ಹುಡುಗಿ ಮರುದಿನ ಬರಲಿಲ್ಲ. ಅದರ ಮರುದಿನ ಬಂದಳು. ನನ್ನ ಮುಖ ನೋಡಿ ಸುಮ್ಮನೆ ತಲೆಯಾಡಿಸಿದಳು. ಕೇಳಲು ನನಗೆ ಧೈರ್ಯ ಬರಲಿಲ್ಲ.

ಮುನೀರ್ ಈಗಲೂ ಆ ಮನೆಯಲ್ಲೇ ಇದ್ದಾನೆ. ಬೇರೆ ಕಡೆ ಸೇರಿಸುವ ಮಾತು ಬಂದಿತ್ತು. ಡಾಕ್ಟರ್ ಅವನನ್ನೇ ಕೇಳಿದರು. ಬೇಡ ಎಂದ. ಓಣಿಯವರು ಕೂಡಿ ಮಾತಾಡಿಕೊಂಡರು. ದಿನಕ್ಕೆ ಒಂದು ಮನೆ, ಎರಡು ಹೊತ್ತಿನ ಊಟ, ಗುಳಿಗೆ, ಅವನು ನುಂಗುವವರೆಗೆ ಪರದೆಯ ಈ ಕಡೆ ಕುಳಿತಿರುವುದು. ಪಾಳಿಯ ಪಟ್ಟಿಯನ್ನು ಶಾಂತಾಬಾಯಿಯ ಮಗಳು ಬರೆದು ಬಾಗಿಲ ಒಳಬದಿಗೆ ಅಂಟಿಸಿದ್ದಾಳೆ. ಸೋಮವಾರ ಶಾಂತಾಬಾಯಿ. ಮಂಗಳವಾರ ಆ ಸೀರೆಯ ಹೆಂಗಸು, ತಾನಾಗಿಯೇ ಬಂದು ಹೆಸರು ಹೇಳಿ ಹೋದಳು. ಗುರುವಾರ, ಶುಕ್ರವಾರ, ಶನಿವಾರಕ್ಕೆ ಓಣಿಯ ಮೂರು ಮನೆ. ಭಾನುವಾರ ನಾನು.

ಮೊದಲೆರಡು ವಾರ ಅವನು ಯಾರ ಕೈಯಿಂದಲೂ ಗುಳಿಗೆ ತೆಗೆದುಕೊಳ್ಳಲಿಲ್ಲ. ಈಗ ತಟ್ಟೆಯ ಪಕ್ಕದಲ್ಲಿಟ್ಟರೆ ಪರದೆಯ ಕೆಳಗಿನಿಂದ ಕೈ ಬರುತ್ತದೆ. ಒಂದೊಂದು ದಿನ ಬರುವುದಿಲ್ಲ. ಆ ದಿನ ಕತ್ತಲಾಗುವವರೆಗೆ ಯಾರಾದರೂ ಕುಳಿತಿರಬೇಕಾಗುತ್ತದೆ. ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುವುದಿಲ್ಲ. ನಡೆಯುತ್ತಿದೆ.

ಬುಧವಾರಕ್ಕಿದ್ದ ಮನೆಯವರು ಹೋದ ತಿಂಗಳು ಊರು ಬಿಟ್ಟು ಹೋದರು. ಬುಧವಾರಕ್ಕೆ ನಿಮ್ಮಲ್ಲಿ ಯಾರಿದ್ದೀರಿ?